ತೊಲೆಯ ಮೇಲಿನ ಅಲ್ಯುಮಿನಿಯಂ ಹಿಟ್ಟು

ಕೊಪ್ಪಳದ ನಮ್ಮ ಮನೆಯ ಹಿಂದಿನ ತಗಡಿನ ಶೆಡ್ಡನ್ನು ಅಲ್ಯುಮಿನಿಯಂ ಪಾತ್ರೆಗಳಿಗೆ ಪಾಲಿಶ್ ಹಾಕುವವನೊಬ್ಬನಿಗೆ ಬಾಡಿಗೆಗೆ ಕೊಟ್ಟಿದ್ದೆ. ಅಲ್ಲಿ ಕೆಲಸಕ್ಕಿದ್ದವಳು ಅಳವಂಡಿ ಕಡೆಯ ಹೆಣ್ಣುಮಗಳು. ಮಧ್ಯಾಹ್ನ ನಮ್ಮ ಹಿತ್ತಲಿನ ಕಟ್ಟೆಗೆ ರೊಟ್ಟಿ ಉಣ್ಣಲು ಬಂದಾಗ ಕಣ್ರೆಪ್ಪೆಯೂ ಬೆಳ್ಳಗೆ ಮಿನುಗುತ್ತಿತ್ತು.

"ಏನವಾ, ಹೀರೋಯಿನ್ ಆಗೀಯಲ್ಲ!"

"ಪೌಡರ್ ಫ್ರೀ ಐತ್ರಿ ಬಾಯಾರ. ನೀವೂ ಒಂಚೂರು ಹಚ್ಕೊರ್ರಿ."

ಮಹಾನವಮಿಯ ಹಿಂದಿನ ದಿನ ಶೆಡ್ಡಿನೊಳಗೆ ಹೋದೆ. ತೊಲೆ, ವೈರು, ಫ್ಯಾನಿನ ರೆಕ್ಕೆ, ಎಲ್ಲದರ ಮೇಲೂ ಮೈದಾ ಹಿಟ್ಟಿನಂಥ ಬೂದು ಧೂಳು. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕಲಿಸಿದ ಕ್ಲೀನ್‌ಲಿನೆಸ್ ಈ ವಯಸ್ಸಿಗೂ ನನ್ನನ್ನು ಬಿಟ್ಟಿಲ್ಲ.

"ಇಷ್ಟು ಡರ್ಟಿ ಇದ್ರ ಪೂಜಾ ಹೆಂಗ ಮಾಡ್ತೀರಿ? ಮ್ಯಾಲಿಂದ ಎಲ್ಲಾ ಝಾಡಿಸು. ಇಲ್ಲಂದ್ರ ನಾ ಬರಂಗಿಲ್ಲ ನೋಡು," ಎಂದೆ ಆಕೆಗೆ.

"ನಾಳೆ ಮುಂಜಾನೆ ಝಾಡಸ್ತೀನ್ರಿ. ನೀವು ಬರಬೇಕು ಮತ್ತ."

ಮರುದಿನ ನಾನು ಸೀರೆಗಳನ್ನು ಒಗೆದು ಹಿತ್ತಲಲ್ಲಿ ಒಣಹಾಕಿದ್ದೆ. ಧೂಳು ಅವುಗಳ ಮೇಲೆ ಬೀಳಬಾರದೆಂದು ಆಕೆ ಕಿಟಕಿಗಳನ್ನೆಲ್ಲ ಮುಚ್ಚಿ, ಏಣಿ ಹತ್ತಿ, ಗುಡಿಸತೊಡಗಿದ್ದಳು. ಒಂದು ತೊಲೆ ಉಳಿದಿತ್ತಂತೆ. ಪೂಜೆಯ ವೇಳೆ ಮೀರುತ್ತದೆಂದು ಪಾಲಿಶ್‌ನ ಮಾಲೀಕ ಬಾಗಿಲ ಹತ್ತಿರದ ಮಶೀನಿನ ಮುಂದೆ ಕರ್ಪೂರ ಹಚ್ಚಿದ.

ನಾನು ತೆಂಗಿನಕಾಯಿ ಹಿಡಿದು ಹಿತ್ತಲಿಗೆ ಇಳಿದಿದ್ದೆನಷ್ಟೆ. ಕಣ್ಣು ಕೋರೈಸುವಂಥ ಬಿಳಿ ಬೆಳಕು, ಹಿಂದೆಯೇ ಎದೆ ನಡುಗಿಸುವ ಸದ್ದು. ತಗಡು ಕಿತ್ತು ಹಾರಿತು. ಮಾಲೀಕ ಸುಟ್ಟ ಕೈಗಳನ್ನು ಮುಂದೆ ಚಾಚಿಕೊಂಡು ಹೊರಗೆ ಓಡಿಬಂದ. ಆಕೆಯನ್ನು ಓಣಿಯವರು ಒಳನುಗ್ಗಿ ಎತ್ತಿ ತಂದರು. ನಾನು ಬಕೆಟ್ ನೀರು ಎರಚಿದೆ; ನೆಲದ ಬೆಂಕಿ ಸಿಡಿದು ಇನ್ನಷ್ಟು ಎದ್ದಿತು.

"ನೀರ ಹಾಕಬ್ಯಾಡ್ರೀ! ಒಣಾ ಉಸುಕು ತರ್ರಿ!" ಅಗ್ನಿಶಾಮಕದವನೊಬ್ಬ ಕೂಗುತ್ತ ಬಂದ. ಆಮೇಲೆ ಅವನೇ ಹೇಳಿದ, "ಪಾತ್ರಿ ಸುಡಂಗಿಲ್ರಿ ಅಮ್ಮಾರ. ಅದರ ಹಿಟ್ಟು ಗಾಳ್ಯಾಗ ಎದ್ದರ ಸಿಡಿಮದ್ದಿದ್ದಂಗ."

ಕೆಮಿಸ್ಟ್ರಿಯಲ್ಲಿ ನನಗೆ ಡಿಸ್ಟಿಂಕ್ಷನ್. ಮೆಗ್ನೀಸಿಯಂ ರಿಬ್ಬನ್ ಉರಿಯುವುದನ್ನು ಲ್ಯಾಬಿನಲ್ಲಿ ಮುಂದಿನ ಸಾಲಿನಲ್ಲೇ ನಿಂತು ನೋಡಿದವಳು ನಾನು. ಆ ತೊಲೆ ನೋಡಿದಾಗ ನನಗೆ ಕಂಡದ್ದು ಬರೀ ಕೊಳೆ.

ಮೂರನೆಯ ದಿನ ಆಸ್ಪತ್ರೆಯಲ್ಲಿ ಆಕೆಯ ತಾಯಿ ನನ್ನ ಕೈ ಹಿಡಿದು ಕೇಳಿದಳು: "ಹಬ್ಬದ ದಿನ ಇಕೀಗೆ ಏಣಿ ಹತ್ತು ಅಂತ ಯಾರು ಹೇಳಿದ್ರು ಬಾಯಾರ?"

ಬ್ಯಾಂಡೇಜಿನೊಳಗಿಂದ ಆಕೆಯೇ ಅಂದಳು, "ಯಾರೂ ಹೇಳಿಲ್ಲ ಬಿಡ ಯವ್ವಾ. ನಾನ ಹತ್ತಿದ್ದೆ."

ಅಂದೇ ಸಂಜೆ ಆಕೆ ತೀರಿಕೊಂಡಳು. ತಾಯಿ ಈಗಲೂ ಸಂತೆಗೆ ಬಂದಾಗ ನಮ್ಮನೆಗೆ ಬಂದು ಚಹಾ ಕುಡಿದು ಹೋಗುತ್ತಾಳೆ. ಆ ಪ್ರಶ್ನೆಯನ್ನು ಮತ್ತೆ ಕೇಳಿಲ್ಲ. ನಾನೂ ಹೇಳಿಲ್ಲ.