ಹದಿನೇಳನೇ ಗಂಟು

ರೆರೆಯಾ ಗಟ್ಟಿಗಿತ್ತಿ ಎಂದು ಈಗ ನಮ್ಮ ದ್ವೀಪದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಶುದ್ಧ ಸುಳ್ಳು. ನಾಯಿ ಬೊಗಳಿದರೆ ಬೇರೆ ದಾರಿ ಹಿಡಿಯುವ ಹೆಂಗಸು ಅವಳು. ಅವಳ ಪಕ್ಕದ ಕೋಣೆಯಲ್ಲಿ ಹನ್ನೊಂದು ವರ್ಷ ಪಾಠ ಮಾಡಿದ ಮೇಷ್ಟ್ರು ನಾನು, ನನಗೆ ಗೊತ್ತು.

ಕಳ್ಳು ಇಳಿಸುವವನ ಮಗಳು. ರಾಜಧಾನಿ ತರಾವಾದಲ್ಲಿ ಟೀಚರ್ ತರಬೇತಿ ಮುಗಿಸಿ ಒಂದು ಪೆಟ್ಟಿಗೆ ಪುಸ್ತಕದೊಂದಿಗೆ ವಾಪಸು ಬಂದಳು. ಮದುವೆ ಆಗಲಿಲ್ಲ. ಲೆಕ್ಕ ಕಲಿಸುವಾಗ ಆಕಳಿಸುವ ಮಕ್ಕಳು ಅವಳು ಚಂದ್ರನ ಪಾಠ ತೆಗೆದರೆ ಮಂಡಿಯೂರಿ ಮುಂದೆ ಸರಿಯುತ್ತಿದ್ದವು. ಒಂದು ಟಾರ್ಚು, ಒಂದು ತೆಂಗಿನಕಾಯಿ, ಅಷ್ಟೇ ಸಾಮಾನು. ಗೋಡೆಯಾಚೆಯಿಂದ ನನಗೆಲ್ಲ ಕೇಳುತ್ತಿತ್ತು.

"ಟೀಚರ್, ಚಂದ್ರನಲ್ಲಿ ಗಾಳಿ ಇಲ್ಲ ಅಂದ್ರಲ್ಲ, ಹಾಗಾದ್ರೆ ದೋಣಿ ಹಾಯಿ ಹೇಗೆ ಉಬ್ಬುತ್ತೆ?"

"ಅಲ್ಲಿ ಸಮುದ್ರವೇ ಇಲ್ವಲ್ಲೋ, ದೋಣಿ ಎಲ್ಲಿ ಬಿಡ್ತೀಯ?"

"ಮತ್ತೆ ಅವರು ಮೀನು ಹೇಗೆ ತಿಂತಾರೆ?"

"ಯಾರೂ ಇಲ್ಲ ಮಾರಾಯ. ನಿನ್ನ ಹಾಗೆ ತಲೆ ತಿನ್ನೋರೂ ಇಲ್ಲ."

ಆದರೆ ನಮ್ಮ ದ್ವೀಪದಲ್ಲಿ ಚಂದ್ರನ ಲೆಕ್ಕ ಶಾಲೆಯದ್ದಲ್ಲ, ನನ್ನ ದೊಡ್ಡಪ್ಪ ತೆಬಾನೊ ಅವರದ್ದು. ಅಮಾವಾಸ್ಯೆ ಕಳೆದಂದಿನಿಂದ ಸಂಜೆಗೊಂದು ಗಂಟು ನಾರಿನ ಹುರಿಗೆ ಬೀಳುತ್ತಿತ್ತು. ಇಂದು ಎಷ್ಟನೇ ಗಂಟು ಎಂದು ನೋಡಿ, ನೀರು ಎಷ್ಟು ಹೊತ್ತಿಗೆ ಇಳಿಯುತ್ತದೆ, ಕಾಲ್ನಡೆಯಲ್ಲಿ ಪಕ್ಕದ ನಡುಗಡ್ಡೆಗೆ ಯಾವಾಗ ದಾಟಬೇಕು ಎಂದು ಅವರು ಹೇಳಿದರೆ ಮುಗಿಯಿತು. ಊರ ಚಾವಡಿಯಲ್ಲಿ ಹಿರಿಯರ ಮಾತಿಗೆ ಎದುರಾಡುವ ಪದ್ಧತಿ ನಮ್ಮಲ್ಲಿಲ್ಲ. ಅದರಲ್ಲೂ ಮದುವೆಯಾಗದ ಹೆಂಗಸು ಅಲ್ಲಿ ಕೆಮ್ಮುವುದೂ ಕಷ್ಟ.

ಆ ತಿಂಗಳು ಪಡುವಣ ಗಾಳಿ ಬೀಸಿ ಎಂಟು ದಿನ ಆಕಾಶವೇ ಕಾಣಲಿಲ್ಲ. ದೊಡ್ಡಪ್ಪನಿಗೆ ಜ್ವರ ಬೇರೆ. ಆ ಹೊತ್ತಿಗೇ ಪಕ್ಕದ ನಡುಗಡ್ಡೆಯಲ್ಲಿ ಹೊಸ ಚರ್ಚಿನ ಉದ್ಘಾಟನೆ ಬಂತು. ನಮ್ಮ ಶಾಲೆಯ ಹದಿನೆಂಟು ಮಕ್ಕಳು ಕುಣಿಯಬೇಕು, ಸಾಲಿನ ಮುಂದೆ ನನ್ನ ಮಗಳು ಕಿನಾಯ್, ಒಂಬತ್ತು ವರ್ಷದವಳು. ದೊಡ್ಡ ದೋಣಿಗಳು ಹಂದಿ, ಗಡ್ಡೆ, ಚಾಪೆ ಹೊತ್ತು ಬೆಳಗ್ಗೆಯೇ ಹೊರಟಿದ್ದವು. ದೊಡ್ಡಪ್ಪ ಹುರಿ ಎಣಿಸಿ ಹೇಳಿದ್ದರು: "ಇವತ್ತು ಹದಿನೇಳು. ಮಧ್ಯಾಹ್ನ ಹನ್ನೆರಡಕ್ಕೆ ನೀರು ಪೂರ್ತಿ ಇಳಿದಿರತ್ತೆ. ಆಗ ಮಕ್ಕಳನ್ನ ನಡೆಸ್ಕೊಂಡು ಹೋಗಿ."

ಹತ್ತೂವರೆಗೆ ಗೋಡೆಯಾಚೆ ಕಿನಾಯ್ ದನಿ ಕೇಳಿತು.

"ಟೀಚರ್, ಹುಣ್ಣಿಮೆ ದಿನ ಸೂರ್ಯ ಮುಳುಗೋ ಹೊತ್ತಿಗೇ ಚಂದ್ರ ಹುಟ್ಟುತ್ತೆ, ಆಮೇಲೆ ದಿನಾ ತಡ ಆಗತ್ತೆ ಅಂದ್ರಿ ಅಲ್ವಾ?"

"ಹೂಂ. ದಿನಕ್ಕೆ ಹೆಚ್ಚುಕಡಿಮೆ ಮುಕ್ಕಾಲು ಗಂಟೆ."

"ನಿನ್ನೆ ಮೋಡ ಸ್ವಲ್ಪ ಬಿರಿದಿತ್ತು. ಸೂರ್ಯ ಇನ್ನೂ ಇದ್ದ, ಆಗ್ಲೇ ಚಂದ್ರ ತೆಂಗಿನ ತಲೆ ಮೇಲೆ ಬಂದಿದ್ದ. ಅಂದ್ರೆ ಹುಣ್ಣಿಮೆ ಇನ್ನೂ ಆಗಿಲ್ಲ. ದೊಡ್ಡಜ್ಜ ಹದಿನೇಳು ಅಂತಾರಲ್ಲ, ಹೇಗೆ?"

ಈ ಕಡೆ ನಾನೂ ಬೆರಳು ಮಡಿಸಿ ಲೆಕ್ಕ ಹಾಕಿದೆ. ಚಂದ್ರನ ಹಾಗೆ ಇಳಿತವೂ ದಿನಕ್ಕೆ ಮುಕ್ಕಾಲು ಗಂಟೆ ತಡವಾಗುತ್ತದೆ. ಹದಿನೈದನೆಯ ದಿನದ ಹುಣ್ಣಿಮೆ ಇವತ್ತೇ ಆದರೆ ನೀರು ಇಳಿದು ಮುಗಿಯುವುದು ಹತ್ತೂವರೆಗೆ, ಅಂದರೆ ಈಗಲೇ. ಹನ್ನೆರಡಕ್ಕೆ ಅದು ಏರುತ್ತಿರುತ್ತದೆ, ಅದೂ ತಿಂಗಳ ದೊಡ್ಡ ಉಬ್ಬರ. ಮಕ್ಕಳು ದಾರಿಯ ಮಧ್ಯದ ಆಳವಾದ ನಡುಗಾಲುವೆಗೆ ಬರುವ ಹೊತ್ತಿಗೆ ಎದೆಮಟ್ಟ, ಸೆಳೆತ ಬೇರೆ.

ರೆರೆಯಾ ನನ್ನ ಬಾಗಿಲಿಗೆ ಬಂದಳು.

"ಅಣ್ಣ, ಕೇಳಿಸ್ಕೊಂಡ್ರಲ್ಲ? ನೀವು ಹೇಳಿ. ಅವರು ನಿಮ್ಮ ದೊಡ್ಡಪ್ಪ."

"ಚಿಕ್ಕ ಹುಡುಗಿ, ಏನು ನೋಡಿದ್ಲೋ ಏನೋ," ಎಂದೆ.

"ಅವಳು ಸರಿಯಾಗೇ ನೋಡಿದಾಳೆ. ನಿಮಗೂ ಗೊತ್ತು."

"ಚಾವಡಿಯಲ್ಲಿ ನನ್ನ ಮಾನ ಕಳೀಬೇಡಮ್ಮ," ಎಂದುಬಿಟ್ಟೆ. ಈ ಮಾತು ಬರೆಯಲೂ ನಾಚಿಕೆಯಾಗುತ್ತದೆ.

ಅವಳು ನೇರ ದಡಕ್ಕೆ ಹೋಗಿ ನೀರಿನಂಚಿಗೆ ಒಂದು ಕೋಲು ನೆಟ್ಟು ಬಂದಳು. ಮುಕ್ಕಾಲು ಗಂಟೆ ಕಳೆಯಿತು. ತೆಂಗಿನ ಗರಿಯ ಲಂಗ ಉಟ್ಟು, ಎಣ್ಣೆ ಹಚ್ಚಿಕೊಂಡ ಮಕ್ಕಳು ಚಾವಡಿಯ ಅಂಚಿನಲ್ಲಿ ಸಾಲಾಗಿ ಕೂತಿದ್ದರು. ದೊಡ್ಡಪ್ಪ ಪ್ರಾರ್ಥನೆ ಮುಗಿಸಿ "ಏಳಿ" ಎಂದರು. ಮಕ್ಕಳು ಎದ್ದರು.

"ಬೇಡ, ಹೋಗ್ಬೇಡಿ," ಎಂದಿತು ಒಂದು ದನಿ.

ರೆರೆಯಾ ಎದ್ದು ನಿಂತಿದ್ದಳು. ಹಿರಿಯರ ಮುಂದೆ, ಹೆಂಗಸು, ಎದ್ದು! ನಾನು ನೆಲ ನೋಡಿದೆ.

"ಅಜ್ಜ, ತಪ್ಪಾದ್ರೆ ಹೊಡೀರಿ. ಇವತ್ತು ಹದಿನೈದು. ನೀರು ಏರ್ತಾ ಇದೆ. ಹನ್ನೊಂದಕ್ಕೆ ಅಂಚಿಗೆ ಕೋಲು ನೆಟ್ಟಿದ್ದೆ, ಈಗ ಅದರ ಬುಡದಲ್ಲಿ ಗೇಣು ನೀರು."

"ಅಲೆ ಬಂದಿರ್ಬೇಕು," ಎಂದ ಒಬ್ಬ ಮುದುಕ. ಇನ್ನೊಬ್ಬ ನಕ್ಕ: "ಪುಸ್ತಕದ ಚಂದ್ರನಿಗೆ ನಮ್ಮ ನೀರಿನ ಗುಟ್ಟು ಗೊತ್ತಾ?"

ದೊಡ್ಡಪ್ಪನ ಮುಖ ಕೆಂಡವಾಯಿತು. "ನಲವತ್ತು ವರ್ಷ ಈ ಹುರಿ ಹಿಡಿದಿದ್ದೀನಿ. ನಾನೇ ಮುಂದೆ ನಡೀತೀನಿ. ಮಕ್ಕಳು ನನ್ನ ಹಿಂದೆ ಬರ್ಲಿ."

ಜ್ವರದಿಂದ ಸೋತ ಕಾಲು, ಆದರೂ ಊರುಗೋಲು ಹಿಡಿದು ಹೊರಟೇಬಿಟ್ಟರು. ರೆರೆಯಾ ಅವರನ್ನು ತಡೆಯಲಿಲ್ಲ. ಓಡಿಹೋಗಿ ದಡದಲ್ಲಿ ಮಕ್ಕಳ ಮುಂದೆ ಎರಡೂ ಕೈ ಚಾಚಿ ನಿಂತಳು.

"ನನ್ನ ದಾಟಿ ಒಂದು ಹೆಜ್ಜೆ ಇಟ್ರೆ ನೋಡಿ! ಕೂತ್ಕೊಳ್ಳಿ ಎಲ್ಲ!"

ಅವಳು ಹಾಗೆ ಕಿರುಚಿದ್ದನ್ನು ಮಕ್ಕಳು ಕೇಳಿರಲೇ ಇಲ್ಲ. ಹದಿನೆಂಟೂ ಮರಳಿನ ಮೇಲೆ ಕುಸಿದವು. ತಾಯಂದಿರು ಬೈದರು, ಒಬ್ಬಳು ಅವಳ ತೋಳು ಹಿಡಿದು ಎಳೆದಳು. ಅವಳು ಅಳುತ್ತಿದ್ದಳು, ಆದರೆ ಕೈ ಇಳಿಸಲಿಲ್ಲ.

ದೊಡ್ಡಪ್ಪ ಹಿಂದೆ ತಿರುಗಿ ನೋಡದೆ ನಡೆದರು. ನೀರು ಮೊಣಕಾಲಿಗೆ ಬಂತು, ಆಮೇಲೆ ತೊಡೆಗೆ. ಇಷ್ಟು ಹೊತ್ತಿಗೆ ಇಳಿಯಬೇಕಿತ್ತು ಎಂದು ದಡದಲ್ಲಿ ಎಲ್ಲರಿಗೂ ಅರ್ಥವಾಯಿತು. ನಡುಗಾಲುವೆಯಲ್ಲಿ ಸೊಂಟ ಮುಳುಗಿತು. ಊರುಗೋಲು ತೇಲಿಹೋಯಿತು. ಮರುಕ್ಷಣ ತಲೆ ಮಾತ್ರ ಕಂಡಿತು.

ಉಳಿದಿದ್ದ ಒಂದೇ ಒಂದು ಪುಟ್ಟ ದೋಣಿಯನ್ನು ನಾನು ಮತ್ತು ಇಬ್ಬರು ಹುಡುಗರು ನೂಕಿದೆವು. ಕೂದಲು ಹಿಡಿದು ಅವರನ್ನು ಎಳೆದುಕೊಂಡಾಗ ಬದುಕಿದ್ದರು. ಅಲ್ಲಿ ಹುಟ್ಟು ಇಳಿಸಿ ನೋಡಿದೆ. ನೀರು ನನ್ನ ಮಗಳ ತಲೆಗಿಂತ ಮೇಲಿತ್ತು.

ಗಂಟು ತಪ್ಪಿದ್ದು ಹೇಗೆಂದು ಆ ಸಂಜೆ ಗೊತ್ತಾಯಿತು. ಜ್ವರದಲ್ಲಿ ಎರಡು ಸಂಜೆ ದೊಡ್ಡಪ್ಪ ಎದ್ದು ಗಂಟು ಹಾಕಿ ಮಲಗಿದ್ದರು. ಮಲಗೇ ಇದ್ದಾರೆ ಎಂದುಕೊಂಡು ದೊಡ್ಡಮ್ಮನೂ ಹಾಕಿದ್ದರು.

ಮೂರನೇ ದಿನ ಚಾವಡಿ ಕೂಡಿತು. ಮಕ್ಕಳನ್ನು ಉಳಿಸಿದ್ದಕ್ಕೆ ರೆರೆಯಾಗೆ ಎಲ್ಲರೂ ಕೈ ಮುಗಿದರು. ಅಪ್ಪಣೆಯಿಲ್ಲದೆ ಹಿರಿಯರ ನಡುವೆ ಮಾತಾಡಿದ್ದಕ್ಕೆ ದಂಡವನ್ನೂ ಹಾಕಿದರು: ಚಾವಡಿಗೆಲ್ಲ ಒಂದೂಟ. ಪದ್ಧತಿ ಪದ್ಧತಿಯೇ. ಅವಳು ತಲೆ ಬಗ್ಗಿಸಿ ಒಪ್ಪಿಕೊಂಡಳು.

ಆ ದಂಡದ ಊಟಕ್ಕೆಂದು ನಾನು ನನ್ನ ಕೆಸರು ಹೊಂಡದಲ್ಲಿ ಬೆಳೆದಿದ್ದ ಗಡ್ಡೆಯನ್ನೆಲ್ಲ ಅಗೆದು ಬುಟ್ಟಿ ತುಂಬಿಸಿ ಅವಳ ಮನೆಗೆ ಹೊರಟೆ. ಕಿನಾಯ್ ಜೊತೆಗೆ ಬಂದಳು. ಅರ್ಧ ದಾರಿಯಲ್ಲಿ ಕೇಳಿದಳು.

"ಅಪ್ಪಾ, ಎದ್ದು ಮಾತಾಡಿದ್ದಕ್ಕೆ ಟೀಚರಿಗೆ ದಂಡ. ಗೊತ್ತಿದ್ದೂ ಸುಮ್ನೆ ಕೂತಿದ್ದೋರಿಗೆ ದಂಡ ಇಲ್ವಾ?"

ಬುಟ್ಟಿ ಭಾರವಾಗಿತ್ತು. ನಾನು ಅದನ್ನು ಇನ್ನೊಂದು ಹೆಗಲಿಗೆ ಬದಲಿಸಿ ಅವಳ ಹಿಂದೆ ನಡೆದೆ.