ಎಡಗಡೆಯ ಗೀರುಗಳು

ನೂರಜಾನಬಿ ದಸ್ತಗೀರನನ್ನು ಮೊದಲು ನೋಡಿದ್ದು ಜೀಪಿನ ಹಿಂದಿನ ಸೀಟಿನಿಂದ. ಆಗ ಅವಳಿಗೆ ಹತ್ತೊಂಬತ್ತು. ಹೊಟ್ಟೆನೋವಿನಿಂದ ಒದ್ದಾಡುತ್ತಿದ್ದ ಅಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಉಗಾರ ಬುದ್ರುಕದಿಂದ ಮಿರಜದ ದವಾಖಾನೆಗೆ ಹೊರಟಿದ್ದಳು. ಎಣ್ಣೆ ಹಚ್ಚಿದ ಕೂದಲು, ಕುತ್ತಿಗೆಗೆ ಸುತ್ತಿದ ಕೆಂಪು ಟವೆಲ್ಲು, ಸ್ಟೀರಿಂಗಿನ ಮೇಲೆ ಕದಲದ ಎರಡು ಕೈ. ಡ್ರೈವರನದು ಅಷ್ಟೇ ಕಾಣುತ್ತಿತ್ತು. ಎದುರಿನಿಂದ ಕಬ್ಬಿನ ಟ್ರ್ಯಾಕ್ಟರ್ ಬಂದಾಗಲೆಲ್ಲ ಅವಳು ಕಣ್ಣು ಮುಚ್ಚಿ ‘ಯಾ ಅಲ್ಲಾ’ ಅನ್ನುತ್ತಿದ್ದಳು. ಕಾಗವಾಡ ದಾಟಿದ ಮೇಲೆ ಅವನು ತಿರುಗದೆಯೇ ಹೇಳಿದ: “ನೀವ್ ಅಮ್ಮಾನ್ನ ನೋಡ್ಕೋರಿ. ರಸ್ತಾ ನಾ ನೋಡ್ತೇನಿ.”

ಅಮ್ಮ ಬದುಕಿದಳು. ಮರುವರ್ಷ ಇಬ್ಬರ ನಿಕಾಹ್ ಆಯಿತು. ಮೂವತ್ತು ವರ್ಷದಲ್ಲಿ ಜೀಪು ಹೋಗಿ ಬಿಳಿ ವ್ಯಾನು ಬಂತು, ಕೆಲಸ ಮಾತ್ರ ಅದೇ ಉಳಿಯಿತು. ಊರಲ್ಲಿ ಯಾರಿಗೆ ಎದೆ ಹಿಡಿದರೂ, ಯಾರ ಸೊಸೆಗೆ ಹೆರಿಗೆ ನೋವು ಬಂದರೂ ಮೊದಲು ಬಡಿಯುವುದು ದಸ್ತಗೀರನ ಬಾಗಿಲು.

ಈ ಸಲ ಕಬ್ಬಿನ ಹಂಗಾಮು ಶುರುವಾಗುವ ಹೊತ್ತಿಗೆ, ಎಡಕ್ಕಿಟ್ಟ ಚಹಾ ಕಪ್ಪುಗಳು ಅವನ ಕೈ ತಾಗಿ ಉರುಳತೊಡಗಿದವು. ಎಡಗಣ್ಣಿನ ನರ ಒಣಗಿದೆ, ಹೋದ ನೋಟ ಮರಳುವುದಿಲ್ಲ, ಇನ್ನು ಗಾಡಿ ಮುಟ್ಟಬೇಡಿ ಎಂದರು ಮಿರಜದ ಡಾಕ್ಟರು. ಆ ಮಾತು ಕೇಳಿಕೊಂಡು ಬಂದದ್ದೂ ಅವನೇ ಗಾಡಿ ಓಡಿಸಿಕೊಂಡು.

“ಕಣ್ಣ ಹೋಗೇತಿ ಅಂತ ಊರಾಗ ಹೇಳಬ್ಯಾಡ್ರಿ,” ಎಂದು ಹೆಂಡತಿ ಮತ್ತು ಮಗಳು ಇಬ್ಬರಿಂದಲೂ ಆಣೆ ಮಾಡಿಸಿದ. “ಗಾಡಿ ಮಾರೇನಿ ಅಂದ್ರ ಯಾರೂ ಏನೂ ಕೇಳಾಂಗಿಲ್ಲ. ಅದು ಬಾಗಲದಾಗ ನಿಂತಿರೂತನಾ ನನಗ ಯಾರಿಗೂ ಒಲ್ಲೆ ಅನ್ನಾಕ ಆಗಾಂಗಿಲ್ಲ.”

ಊರವರಿಗೆ ಮಾರುವಂತಿರಲಿಲ್ಲ, ಸುದ್ದಿ ಹಬ್ಬಿದರೆ ಜನರೇ ಬಂದು ತಡೆಯುತ್ತಿದ್ದರು. ಅಥಣಿಯಲ್ಲಿ ಬಿ.ಕಾಂ. ಓದುತ್ತಿದ್ದ ಮಗಳು ಫರಹೀನ ಗಾಡಿಯ ಫೋಟೋ ತೆಗೆದು, ಹಳೇ ಕಾರು ಕೊಳ್ಳುವ ಆನ್‌ಲೈನ್ ಕಂಪನಿಯೊಂದಕ್ಕೆ ಹಾಕಿದಳು. ಮೂರನೇ ದಿನ ಸಾಂಗಲಿಯಿಂದ ಸುಧೀರ ಎಂಬ ಹುಡುಗ ತಪಾಸಣೆಗೆ ಬಂದ.

ಅವನು ಬಣ್ಣದ ದಪ್ಪ ಅಳೆಯುವ ಸಣ್ಣ ಯಂತ್ರವೊಂದನ್ನು ಬಾಗಿಲುಗಳಿಗೆ ಒತ್ತುತ್ತ ಗಾಡಿಗೆ ಒಂದು ಸುತ್ತು ಹಾಕಿದ. ಮತ್ತೊಂದು ಸುತ್ತು ಹಾಕಿ ಎಡಗಡೆ ನಿಂತ.

“ಕಾಕಾ, ಗೀರೆಲ್ಲಾ ಎಡಕ್ಕ ಅದಾವಲ್ರಿ! ಬಲಕ್ಕ ನೋಡಿದ್ರ ಶೋರೂಮಿನ ಗಾಡಿ ಇದ್ದಂಗೈತಿ.”

“ಕಬ್ಬಿನ ಟ್ರ್ಯಾಕ್ಟರ್ ಬಾಳ ಬರ್ತಾವ್ರಿ ಈ ರಸ್ತಾದಾಗ,” ಅಂದ ದಸ್ತಗೀರ.

“ಟ್ರ್ಯಾಕ್ಟರ್ ಬಡದ್ರ ಬಲಕ್ಕ ಬಡೀಬೇಕಲ್ರಿ ಕಾಕಾ. ಇದು ನೀವ ಹೋಗಿ ಗ್ವಾಡಿಗೆ ಬಡದದ್ದು!” ಸುಧೀರ ನಕ್ಕ. ದಸ್ತಗೀರನೂ ನಕ್ಕ. ನೂರಜಾನಬಿ ಸೆರಗು ಸರಿಮಾಡಿಕೊಳ್ಳುತ್ತ ನೆಲ ನೋಡಿದಳು.

ಅಷ್ಟರಲ್ಲಿ ಪಕ್ಕದ ಮನೆಯ ತಾತ್ಯಾಸಾಹೇಬ ಬಂದ. ಅವನ ಹೆಂಡತಿ ಮಂಗಲಾಳಿಗೆ ಕಿಡ್ನಿ ಕೆಟ್ಟು, ವಾರಕ್ಕೆರಡು ಸಲ ಮಿರಜದಲ್ಲಿ ಡಯಾಲಿಸಿಸ್.

“ಯಾರ್ಲೇ ಇವರು? ಗಾಡಿ ಮಾರಾಕತ್ತೀ ಏನ?”

“ಸರ್ವಿಸ್‌ನವ್ರಪಾ.”

“ಹಂಗಾರ ಚಲೋತಂಗ ಮಾಡ್ಸು. ಮಂಗಲಾ ಬ್ಯಾರೇ ಗಾಡಿ ಹತ್ತಾಂಗಿಲ್ಲ ನೋಡು. ದಸ್ತಗೀರ್ ಭಾವುನ ಕೈಯಾಗ ಇದ್ರ ಜೀವಕ್ಕ ಅಂಜಿಕಿ ಇಲ್ಲ ಅಂತಾಳ.” ಅಷ್ಟು ಹೇಳಿ ಹೋದ.

ಸುಧೀರ ಬೆಲೆ ಹೇಳಿದ. ಅಂದುಕೊಂಡದ್ದಕ್ಕಿಂತ ಕಡಿಮೆಯಿತ್ತು. “ಒಯ್ಯರಿ, ಇವತ್ತ ಒಯ್ಯರಿ,” ಅಂದ ದಸ್ತಗೀರ. ಆಮೇಲೆ ಸುಧೀರ ಕಾಗದ ಬಿಡಿಸಿದ.

“ಇದು ರಿಹಾನ ಅನ್ನಾವ್ರ ಹೆಸರಲೆ ಐತಲ್ರಿ?”

ರಿಹಾನ ನೂರಜಾನಬಿಯ ತಂಗಿ ವಾಜಿದಾಳ ಗಂಡ. ಮಹಾರಾಷ್ಟ್ರದ ಮಿರಜದ ವಿಳಾಸಕ್ಕೆ ತೆಗೆದುಕೊಂಡರೆ ಟ್ಯಾಕ್ಸ್ ಕಡಿಮೆ ಬೀಳುತ್ತದೆಂದು ಅವನ ಹೆಸರಿಗೆ ಮಾಡಿಸಿದ್ದರು. ಗಡಿಯೂರಿನವರಿಗೆ ಅದು ತಪ್ಪೆಂದೇ ಅನ್ನಿಸಿರಲಿಲ್ಲ. ಅವನೀಗ ಸೌದಿಯಲ್ಲಿದ್ದಾನೆ.

“ಮಾಲಕರು ಖುದ್ದ ಬಂದು ಸಹಿ ಮಾಡಬೇಕ್ರಿ ಕಾಕಾ. ಇಲ್ಲಾಂದ್ರ ಕಂಪನಿ ತಗೊಳ್ಳಾಂಗಿಲ್ಲ.”

ಫರಹೀನ ಅಲ್ಲಿಂದಲೇ ಫೋನು ಹಚ್ಚಿದಳು. ರಿಹಾನನ ದನಿ ಖುಷಿಯಾಗಿತ್ತು: “ಭಾಯಿ, ನನ್ನ ರಜಾ ಇನ್ನ ಒಂದೂವರಿ ವರ್ಷಕ್ಕ ಐತಿ. ಗಾಡಿ ನಿಮ್ದ ಐತಲ್ಲ, ಓಡಸ್ರಿ. ಯಾರ ಕೇಳ್ತಾರ?”

ಸುಧೀರ ಚಹಾ ಕುಡಿದು, ಫೋನಿನಲ್ಲಿ ಬುಕಿಂಗ್ ರದ್ದು ಮಾಡಿ, ಬೈಕ್ ಹತ್ತಿ ಹೋದ. ದಸ್ತಗೀರ ಗಾಡಿಯ ಎಡಬದಿಗೆ ಹೋಗಿ ಗೀರುಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದ. ಎಷ್ಟೋ ಗೀರುಗಳು ಬಿದ್ದದ್ದು ಅವನಿಗೇ ಗೊತ್ತಿರಲಿಲ್ಲ.

“ತಾತ್ಯಾಸಾಹೇಬಗ ಖರೇ ಹೇಳಿಬಿಡ್ರಿ, ಫರಹೀನನ ಅಬ್ಬಾ,” ಅಂದಳು ನೂರಜಾನಬಿ.

“ನೀ ಆಣಿ ಮಾಡಿದ್ದಿ.”

ಮರುದಿನ ಬೆಳಿಗ್ಗೆ ಆರಕ್ಕೆ ಮಂಗಲಾ ಹಿಂದಿನ ಸೀಟಿನಲ್ಲಿ ಕೂತಾಗ, ನೂರಜಾನಬಿ ಮುಂದಿನ ಎಡಬಾಗಿಲು ತೆಗೆದು ಹತ್ತಿದಳು. “ಮಿರಜದಾಗ ವಾಜಿದಾನ ಮನೀಗೆ ಹೋಗೂದೈತ್ರಿ ವೈನಿ,” ಅಂದಳು. ಆ ಸುಳ್ಳು ಎರಡೇ ವಾರ ನಡೆಯಿತು. ಮೂರನೇ ವಾರಕ್ಕೆ ಹೆಂಡತಿಯ ಪಕ್ಕ ಕೂತಿದ್ದ ತಾತ್ಯಾಸಾಹೇಬ ಛೇಡಿಸಿದ: “ಏನ್ರಿ, ಮೂವತ್ತು ವರ್ಷ ಬಾಯಿ ಇರಲಿಲ್ಲೇನ ನಿಮಗ? ಈಗ ಎಮ್ಮಿ ಕಂಡ್ರೂ ಹೇಳ್ತೀರಿ, ಸೈಕಲ್ ಕಂಡ್ರೂ ಹೇಳ್ತೀರಿ!”

“ಎಡಕ್ಕ ಹುಡುಗ್ಯಾರು,” ಅಂದಳು ಅವಳು ಗಂಡನಿಗೆ. ತಿರುವಿನಲ್ಲಿ ಶಾಲೆಯ ಹುಡುಗಿಯರು ಸಾಲಾಗಿ ಬರುತ್ತಿದ್ದರು.

ಈಗ ನೂರಜಾನಬಿ ವಾರಕ್ಕೆರಡು ದಿನ, ಯಾರಾದರೂ ಕರೆದರೆ ಉಳಿದ ದಿನವೂ, ಮುಂದಿನ ಸೀಟಿನಲ್ಲಿ ಕೂತು ಉಗಾರದಿಂದ ಮಿರಜದವರೆಗೆ ರಸ್ತೆಯ ಎಡಬದಿಯನ್ನು ನೋಡಿ ಗಂಡನಿಗೆ ಹೇಳುತ್ತಾಳೆ.