ಅಕ್ಕ ದಾರಿ ಕೇಳಿದ್ದು

ನೆನಪಿನ ತರಗತಿಗೆ ಅಕ್ಕನನ್ನು ಕರೆದುಕೊಂಡು ಹೋದವನು ನಾನು. ಮೊದಲ ದಿನವೇ ಫೇಲಾದವನೂ ನಾನೇ. ಕಲಿಸುವವರು ಮಲ್ಲಿಗೆ, ಬೀಗ, ಒಂಟೆ, ಕೊಡೆ, ಬೆಲ್ಲ ಎಂದು ಐದು ಪದ ಹೇಳಿ, ಸ್ವಲ್ಪ ಹೊತ್ತು ಬೇರೆ ಮಾತಾಡಿಸಿ, ಮತ್ತೆ ಕೇಳಿದರು. ನನ್ನ ಒಂಟೆ ಅಷ್ಟರಲ್ಲಿ ಎಲ್ಲಿಗೋ ಹೊರಟುಹೋಗಿತ್ತು. ಅಕ್ಕನ ಹತ್ತಿರ ಬೆಲ್ಲವೊಂದು ಬಿಟ್ಟು ಎಲ್ಲವೂ ಇತ್ತು. ಬೆಲ್ಲ ಎಲ್ಲಿ ಎಂದು ಕೇಳಿದೆ.

"ಒಂಟೆಗೆ ಮಲ್ಲಿಗೆ ಮುಡ್ಸಿ, ಕೊಡೆ ಹಿಡ್ದು, ಮನೆಗೆ ಬೀಗ ಹಾಕಿ ಹೊರಟೆ ಕಣೋ. ಬೆಲ್ಲ ಅದೇ ತಿಂದಿರ್ಬೇಕು" ಎಂದಳು.

ನಮ್ಮ ಸರೋಜಕ್ಕ ಆರ್.ಟಿ. ನಗರದಲ್ಲಿ ಬಹಳ ವರ್ಷ ಹೊಲಿಗೆ ಕಲಿಸಿದವಳು. ಭಾವ ಹೋದ ಮೇಲೆ ಯಲಹಂಕದಲ್ಲಿ ನಮ್ಮ ಜೊತೆಗಿದ್ದಾಳೆ. ಹಳೆಯ ಪಕ್ಕದ ಮನೆಯ ಜುಬೇದಾಳನ್ನು ನೋಡಲು ವಾರಕ್ಕೊಮ್ಮೆ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಒಂದು ಸಂಜೆ ವಾಪಸು ಬರುವಾಗ ದಾರಿ ಮರೆತು ಹೆಬ್ಬಾಳದಲ್ಲೇ ಇಳಿದುಬಿಟ್ಟಳು. ಯಾರನ್ನಾದರೂ ಕೇಳಲು ನಾಚಿಕೆ. ನಾನು ಹುಡುಕಿಕೊಂಡು ಹೋಗುವವರೆಗೂ ಮೇಲ್ಸೇತುವೆಯ ಕೆಳಗೆ ಸೆರಗು ಬಿಗಿಹಿಡಿದು ನಿಂತೇ ಇದ್ದಳು. ಮರೆವಿನ ಕಾಯಿಲೆಯ ಶುರು ಎಂದರು ಡಾಕ್ಟರು. ಅಂದಿನಿಂದ ಅವಳು ಒಬ್ಬಳೇ ಹೊರಗೆ ಹೋಗುವುದನ್ನು ನಾನು ನಿಲ್ಲಿಸಿದೆ. ಮಂಡಿನೋವಿನ ಜುಬೇದಾ ಇಲ್ಲಿಗೆ ಬರುವಂತಿರಲಿಲ್ಲ. ಅಕ್ಕ ಮಾತು ಕಡಿಮೆ ಮಾಡಿದಳು. ಮರೆವಿಗಿಂತ ಆ ಮೌನಕ್ಕೇ ನಾನು ಹೆಚ್ಚು ಹೆದರಿದ್ದು. ಡಾಕ್ಟರು ಹೇಳಿದ್ದರೆಂದು ಪುಟ್ಟೇನಹಳ್ಳಿಯ ಈ ತರಗತಿಗೆ ಸೇರಿಸಿದೆ.

ನಮ್ಮ ಹಿರಿಯರು ಅಷ್ಟಾವಧಾನ ಎಂಬ ಸೊಗಸಾದ ಆಟ ಕಟ್ಟಿದ್ದರು. ಅವಧಾನಿ ಪದ್ಯಗಳನ್ನು ನೆನಪಿನಲ್ಲೇ ಕಟ್ಟುತ್ತಾ ಹೋಗಬೇಕು; ನಡುನಡುವೆ ಸಂಬಂಧವಿಲ್ಲದ ಮಾತು ತೆಗೆದು ಅವನ ತಲೆ ಕೆಡಿಸಲೆಂದೇ ಒಬ್ಬನನ್ನು ಕೂರಿಸಿರುತ್ತಾರೆ. ಅದಕ್ಕೆ ಅಪ್ರಸ್ತುತ ಪ್ರಸಂಗ ಎಂದು ಹೆಸರು. ತರಗತಿಯಲ್ಲಿ ಆ ಹುದ್ದೆ ಯಾರೂ ಕೊಡದೆಯೇ ನನಗೆ ಸಿಕ್ಕಿತ್ತು. ಅಕ್ಕ ಯೋಚಿಸುವಷ್ಟರಲ್ಲಿ ನಾನೇ ಉತ್ತರ ಹೇಳುವುದು, ಅದೂ ತಪ್ಪು ಉತ್ತರ.

ಕಲಿಸುತ್ತಿದ್ದ ನಯನಾ ಧಾರವಾಡದ ಕಡೆಯವರು. ಒಂದು ದಿನ ನನ್ನನ್ನು ಹೊರಗೆ ಕರೆದರು. "ಸರ, ನಿಮ್ಮ ಅಕ್ಕಾರಿಗೆ ಒಬ್ಬರ ಹೋಗಾಕ ಬಿಡ್ರಿ."

"ದಾರಿ ಮರ್ತರೆ?"

"ಮರೀತಾರ್ರಿ. ಮರತಾಗ ಏನ ಮಾಡಬೇಕು ಅನ್ನೂದನ್ನ ಕಲಸಾಕತ್ತೀನಿ ನಾನು."

ಮರುವಾರ ಅಕ್ಕ ಜುಬೇದಾಳ ಮನೆಗೆ ಹೊರಟಳು. ನಾನು ಧೈರ್ಯವಾಗಿ ಕೈಬೀಸಿ, ಅದೇ ಬಸ್ಸಿನ ಹಿಂಬಾಗಿಲಿನಿಂದ ಹತ್ತಿಕೊಂಡೆ. ಅಕ್ಕ ಇಳಿಯಬೇಕಾದ್ದಕ್ಕಿಂತ ಒಂದು ಸ್ಟಾಪು ಮೊದಲೇ ಇಳಿದಳು. ಬಸ್ಸಿನ ಹೊಗೆಗೆ ಕೆಮ್ಮುತ್ತಾ ನಾನೂ ಹಿಂದೆ ಇಳಿದೆ. ಆ ಕಡೆ ನೋಡಿದಳು, ಈ ಕಡೆ ನೋಡಿದಳು. ಕೈ ಸೆರಗಿನ ಮೇಲೆ ಹೋಯಿತು. ನಾನು ಇನ್ನೇನು ಓಡಬೇಕು, ಅಷ್ಟರಲ್ಲಿ ಅವಳು ಎಳನೀರು ಮಾರುವವನ ಹತ್ತಿರ ನೆಟ್ಟಗೆ ನಡೆದಳು.

"ನೋಡಪ್ಪಾ, ನಂಗೆ ಮರೆವು ಜಾಸ್ತಿ. ಮಸೀದಿ ಹಿಂದಿನ ರಸ್ತೆಗೆ ಹೋಗ್ಬೇಕು. ಯಾವ ಕಡೆ?"

"ಇಂಗೇ ನೇರ ಹೋಗಿ ಎಡಕ್ ತಿರುಗಮ್ಮಾ."

ಅಕ್ಕ ತನ್ನ ಮರೆವನ್ನು ಕನ್ನಡಕ ಮರೆತುಬಂದವರು ಹೇಳುವಷ್ಟೇ ಸಲೀಸಾಗಿ ಹೇಳಿದ್ದಳು. ಈ ಊರಿನಲ್ಲಿ ನಾನು ದಾರಿ ತಪ್ಪಿದ್ದು ಕಡಿಮೆಯೇನಲ್ಲ, ಆದರೆ ಕೇಳಿದ್ದು? ಗೊತ್ತಿರುವವನಂತೆ ಮುಖಮಾಡಿ ಅದೇ ಬೀದಿಯನ್ನು ಸುತ್ತುವುದು ನನ್ನ ಪದ್ಧತಿ.

ಅಕ್ಕ ನಾಲ್ಕು ಹೆಜ್ಜೆ ಹಾಕಿ, ತಿರುಗದೆಯೇ ಹೇಳಿದಳು. "ಬಾರೋ. ನಿನ್ನ ಕೆಮ್ಮು ಮರೆಯೋ ಅಷ್ಟು ಕಾಯ್ಲೆ ಇನ್ನೂ ಬಂದಿಲ್ಲ ನಂಗೆ."

ಜುಬೇದಾ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕಾದಿದ್ದಳು. "ಬಂದ್ಯಾ ಸರೋಜಾ!" ಎಂದವಳು ಅಕ್ಕನ ಕೈ ಹಿಡಿದರೆ ಬಿಡಲೇ ಇಲ್ಲ. ಇಬ್ಬರೂ ಏನೇನೋ ಮಾತಾಡಿದರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನು ಮೂಲೆಯಲ್ಲಿ ಟೀ ಕುಡಿಯುತ್ತಾ ಕೂತಿದ್ದೆ.

ವಾಪಸು ಬಸ್ಸಿನಲ್ಲಿ ಕೇಳಿದೆ, "ಅಷ್ಟೊಂದು ನಗೋಕೆ ಏನಕ್ಕಾ ಮಾತಾಡಿದ್ರಿ?"

ಅಕ್ಕ ಕಿಟಕಿಯಾಚೆ ನೋಡುತ್ತಾ ಸ್ವಲ್ಪ ಹೊತ್ತು ಹುಡುಕಿದಳು. "ಮರ್ತ್ಹೋಯ್ತು ಕಣೋ. ಚೆನ್ನಾಗಿತ್ತು, ಅಷ್ಟು ಗೊತ್ತು. ಮುಂದಿನ ವಾರ ಹೋಗಿ ಮತ್ತೆ ಕೇಳ್ಕೊಂಡು ಬರ್ತೀನಿ. ನೀನು ಬರ್ಬೇಡ."